ಶ್ರೀ ಇಲ್ಲದ ಮೇಲ್

ಆ ವರ್ಷದ ಶ್ರಾವಣದಿಂದ ನನ್ನ ಡೈರಿಯ ಪ್ರತಿ ಪುಟದ ಬಲಗಡೆ ಮೂರು ಮನೆಗಳನ್ನು ಗೆರೆ ಎಳೆದು ಮಾಡಿಕೊಂಡಿದ್ದೇನೆ. ಕಳಿಸಿದ ಇ-ಮೇಲ್, ತಿರುಗಿ ಬಂದಿದ್ದು, ಉತ್ತರ ಬಂದಿದ್ದು. ಮೊದಲ ಮನೆಯಲ್ಲಿ ದಿನವೂ ನಲವತ್ತಮೂರು. ಎರಡನೆಯದರಲ್ಲಿ ಒಂದೋ ಎರಡೋ. ಮೂರನೆಯದರಲ್ಲಿ ಮೊದಮೊದಲು ಹದಿನೈದು, ಹದಿನೇಳು. ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ನಾಲ್ಕು. ಹುಣ್ಣಿಮೆ ಮುಗಿದ ಮಂಗಳವಾರದಿಂದ ಸೊನ್ನೆ. ಆ ಸೊನ್ನೆಗಳನ್ನು ನಾನು ತುಂಬ ದುಂಡಗೆ ಬರೆದಿದ್ದೇನೆ. ಇವತ್ತು ನೋಡಿದರೆ ಒಂದರ ಕೆಳಗೊಂದು ಬಾವಿಯ ಬಾಯಿಗಳಂತೆ ಕಾಣುತ್ತವೆ.

ನಾನಾಗ ನರಗುಂದದ ಒಂದು ದಲಾಲಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಬಿ.ಎ. ಮುಗಿಸಿ, ರೋಣದಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಆರು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದೆ. ಅದೇ ಅಂಗಡಿಯಲ್ಲಿ ಅಪ್ಪ ಇಪ್ಪತ್ತು ವರ್ಷದಿಂದ ಹಮಾಲ. ಸಾಹುಕಾರರು ಕಂಪ್ಯೂಟರ್ ತರಿಸಿದಾಗ ಅದಕ್ಕೆ ಯಾರನ್ನು ಕೂರಿಸುವುದೆಂಬ ಮಾತು ಬಂತು. ಹೆಗಲ ಮೇಲಿನ ಚೀಲ ಇಳಿಸಿ ಅಪ್ಪ ನನ್ನ ಹೆಸರು ಹೇಳಿದನಂತೆ. ದಲಾಲಿ ಓಣಿಯ ಯಾವ ಅಂಗಡಿಯಲ್ಲೂ ಆವರೆಗೆ ಹೆಣ್ಣುಮಕ್ಕಳು ಕೂತಿರಲಿಲ್ಲ. ಸಾಹುಕಾರರು, ಹುಡುಗಿ ನೆಟ್ಟಗೆ ಕೆಲಸ ಮಾಡುತ್ತಾಳೋ ಎಂದು ಕೇಳಿದರಂತೆ. ಅಪ್ಪ ಕೊಟ್ಟ ಉತ್ತರವನ್ನು ಓಣಿಯವರೆಲ್ಲ ನನಗೆ ಒಬ್ಬೊಬ್ಬರಾಗಿ ಹೇಳಿದ್ದಾರೆ.

“ಆಕಿ ಬರದದ್ದು ಬರದ್ಹಂಗ ಇರ್ತೈತ್ರಿ ಸಾವ್ಕಾರ್ರ.”

ಅಪ್ಪ ಒತ್ತೆ ಇಟ್ಟಿದ್ದು ಇದೊಂದು ಮಾತನ್ನು.

ನನ್ನ ಕೆಲಸ ಕಷ್ಟದ್ದಲ್ಲ. ಮಧ್ಯಾಹ್ನದ ಹೊತ್ತಿಗೆ ಲಿಲಾವು, ಎಂದರೆ ಹರಾಜು, ಮುಗಿಯುತ್ತಿತ್ತು. ಹೆಸರುಕಾಳು, ಗೋವಿನಜೋಳ, ಸೂರ್ಯಕಾಂತಿ, ಯಾವುದು ಯಾವ ಧಾರಣಿಗೆ ಹೋಯಿತೆಂದು ಸಾಹುಕಾರರು ಒಂದು ಚೀಟಿ ಕೊಡುತ್ತಿದ್ದರು. ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಸೊಲ್ಲಾಪುರ, ಇಂದೂರು, ಈರೋಡಿನ ಕಡೆಯ ಬೇಳೆ ಗಿರಣಿಗಳಿಗೂ ವ್ಯಾಪಾರಿಗಳಿಗೂ ಮೇಲ್ ಮಾಡಬೇಕು. ಒಟ್ಟು ನಲವತ್ತಮೂರು ವಿಳಾಸ. ಸಂಜೆಗೆ ತಲುಪಿದರೆ ಆ ಧಾರಣಿ ಹಳಸಿದ ಅನ್ನ. ಮಧ್ಯಾಹ್ನವೇ ತಲುಪಬೇಕು.

ನನಗೆ ಕೊಟ್ಟಿದ್ದು ಗೋದಾಮಿಗೂ ಸಾಹುಕಾರರು ಕೂರುವ ಗಾದಿಗೂ ನಡುವೆ ಪ್ಲೈವುಡ್ ಹೊಡೆದು ಮಾಡಿದ ಕೋಣೆ. ಕಿಟಕಿಯಿಲ್ಲ. ಹೆಸರಿನ ಸುಗ್ಗಿಯಲ್ಲಿ ಅಬ್ಬಿಗೇರಿ ಕಡೆಯಿಂದಲೂ ಮಾಲು ಬರುತ್ತಿತ್ತು. ಆಗ ಕೋಣೆಯ ಬಾಗಿಲ ತನಕ ಚೀಲದ ಥಪ್ಪಿ ಏರಿಸಿ, ಒಬ್ಬರು ಅಡ್ಡಡ್ಡ ಸರಿದು ಹೋಗುವಷ್ಟೇ ದಾರಿ ಬಿಡುತ್ತಿದ್ದರು. ಕೆಲವು ದಿನ ಅದೂ ಇರುತ್ತಿರಲಿಲ್ಲ. ಹೊರಗೆ ಹೋಗಬೇಕೆಂದರೆ ಕೂಗಬೇಕು, ಹಮಾಲರು ಬಂದು ಎರಡು ಸಾಲು ಇಳಿಸಬೇಕು. ಬರುವವನು ಎಷ್ಟೋ ಸಲ ಅಪ್ಪನೇ. ನಾನು ಒಳಗೆ, ಅಪ್ಪ ಹೊರಗೆ, ನಡುವೆ ಹೆಸರಿನ ಚೀಲ. ಹಾಗೆ ಕೂಗಿದ್ದು ಆ ಸುಗ್ಗಿಯಲ್ಲಿ ಮೂವತ್ತೆರಡು ಸಲ.

ಆ ಅಂಗಡಿಗೊಂದು ಕಟ್ಟಳೆಯಿತ್ತು. ಮೇಲೆ ಶ್ರೀ ಬರೆಯದ ಕಾಗದ ಹೊಸ್ತಿಲು ದಾಟಬಾರದು. ಲಾರಿ ಚೀಟಿಯಿಂದ ಹಿಡಿದು ಬಾಡಿಗೆ ಸೈಕಲ್ಲಿನ ಚೀಟಿಯವರೆಗೆ ಎಲ್ಲಕ್ಕೂ ಎರಡು ಗೆರೆ, ನಡುವೆ ಶ್ರೀ, ಮತ್ತೆರಡು ಗೆರೆ. ನಮ್ಮ ಕಡೆ ಶ್ರೀ ಇಲ್ಲದೆ ಬರುತ್ತಿದ್ದದ್ದು ಸಾವಿನ ಕಾರ್ಡು ಮಾತ್ರ. ಅಂಚೆಯವ ಕೊಟ್ಟ ಕಾರ್ಡಿನ ನೆತ್ತಿ ಬೋಳಾಗಿದ್ದರೆ ಓದುವ ಮೊದಲೇ ಹೆಂಗಸರು ಅಳುತ್ತಿದ್ದರು. ಹಾಗಾಗಿ ಮೇಲ್ ಎಂಬುದು ಬಂದಾಗ ಸಾಹುಕಾರರು ಕೇಳಿದ ಮೊದಲ ಪ್ರಶ್ನೆಯೇ ಶ್ರೀ ಎಲ್ಲಿ ಬರೆಯುತ್ತೀ ಎಂಬುದು. ಎಲ್ಲಕ್ಕಿಂತ ಮೇಲೆ ಇರುವುದು ವಿಷಯದ ಸಾಲು. ಅಲ್ಲಿಯೇ ಎಂದೆ.

ಕನ್ನಡದ ಅಕ್ಷರಗಳನ್ನು ಹಾಕಿಕೊಟ್ಟವನು ಗಜೇಂದ್ರಗಡದಿಂದ ಗುರುವಾರಕ್ಕೊಮ್ಮೆ ಬರುತ್ತಿದ್ದ ರಿಪೇರಿಯವ. ಮೊದಲು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವ, ಕಂಪ್ಯೂಟರನ್ನು ತಾನೇ ಬಿಚ್ಚಿ ಕಲಿತಿದ್ದ. ನಾನವನನ್ನು ಭಾಯಿ ಎನ್ನುತ್ತಿದ್ದೆ, ಅವನಿಗೆ ನಾನು ಅಕ್ಕ. ಪ್ರಿಂಟ್ ತೆಗೆದ ಕಾಗದದಲ್ಲಿ ಶ್ರೀ ಎಷ್ಟು ಚೆಂದ ಬರುತ್ತಿತ್ತೆಂದರೆ ಸಾಹುಕಾರರು ಅದನ್ನು ದಿನವೂ ಕಣ್ಣಿಗೊತ್ತಿಕೊಂಡು ಚೀಟಿ ಸಿಕ್ಕಿಸುವ ತಂತಿಗೆ ಚುಚ್ಚುತ್ತಿದ್ದರು. ಆದರೆ ಅದೇ ಶ್ರೀಯನ್ನು ಮೇಲ್‌ನ ವಿಷಯದ ಸಾಲಿಗೆ ತಂದು ಇಟ್ಟ ಕೂಡಲೇ ಮೂರು ವಿಚಿತ್ರ ಗುರುತಾಗಿ ಮುರಿಯುತ್ತಿತ್ತು. ಮೇಲೆ ತೇಲುವ ಒಂದು ಸಣ್ಣ ಎರಡು, ಬೆನ್ನಿಗೆ ಬೆನ್ನು ಅಂಟಿಕೊಂಡ ಇಂಗ್ಲಿಷಿನ ಎ ಮತ್ತು ಇ, ನೆತ್ತಿಯ ಮೇಲೆ ಅಲೆ ಹೊತ್ತ ದೊಡ್ಡ ಎ. ಇದೇನು ಭಾಯಿ ಎಂದು ಕೇಳಿದ್ದೆ. ಅದು ಒಳಗಿನ ಭಾಷೆ, ಅವರು ತೆರೆದಾಗ ಮತ್ತೆ ಶ್ರೀ ಆಗುತ್ತದೆ ಎಂದಿದ್ದ. ತಂತಿ ಕಚೇರಿಯಲ್ಲಿ ಕಟ್ಟ ಕಡ ಎಂದು ಹೋದದ್ದು ಆ ಕಡೆ ಅಕ್ಷರವಾಗುತ್ತಿತ್ತಲ್ಲ, ಹಾಗಿರಬೇಕೆಂದು ನಂಬಿದೆ. ನಂಬಿದ ದಿನವೂ ಡೈರಿಯಲ್ಲಿದೆ. ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೊಡೆದು ಹಾಕಿದ್ದೇನೆ.

ಸೊನ್ನೆಗಳು ಶುರುವಾದ ವಾರದ ಕೊನೆಗೆ ಸೊಲ್ಲಾಪುರದ ಗಿರಣಿಯವರ ಫೋನು ಬಂತು. ಕನ್ನಡ ಬಲ್ಲ ಹಿರಿಯರು. ಸಾಹುಕಾರರ ತಂದೆಯ ಕಾಲದ ಪಾರ್ಟಿ. ಎಂಟು ದಿನದಿಂದ ಧಾರಣಿ ಬಂದಿಲ್ಲ, ನಮ್ಮ ಮ್ಯಾಲೆ ಸಿಟ್ಟೇನು ಎಂದು ಕೇಳಿದರಂತೆ. ಸಾಹುಕಾರರು ನನ್ನನ್ನು ಗಾದಿಯ ಹತ್ತಿರ ಕರೆದರು. ನಾನು ಚೀಲಗಳ ಸಂದಿಯಿಂದ ಸರಿದು ಬರುವಷ್ಟರಲ್ಲಿ ಹಮಾಲರೆಲ್ಲ ಕೆಲಸ ನಿಲ್ಲಿಸಿದ್ದರು.

“ದಿನಾ ಕಳಿಸೀನ್ರಿ,” ಎಂದೆ. “ಬೇಕಾದ್ರ ಕಳಿಸಿದ್ದರ ಪಟ್ಟಿ ತೋರಸ್ತೀನಿ.”

“ಪಟ್ಟಿ ನಿನ್ನ ಕಡೆ ಐತಿ ತಂಗಿ. ಕಾಗದ ಅವರ ಕಡೆ ಇಲ್ಲ. ನಾ ಯಾವುದನ್ನ ನಂಬಲಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಅಪ್ಪ ಚೀಲ ಎತ್ತುವ ಕೊಕ್ಕೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ. ದಸರೆಯವರೆಗೆ ನೋಡೋಣ ಎಂದರು ಸಾಹುಕಾರರು. ಏನು ನೋಡುವುದೆಂದು ಹೇಳಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಅಲ್ಲಿಯವರೆಗೆ ಧಾರಣಿಯ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ನೆಟ್ ಹಚ್ಚಬಾರದು ಎಂಬ ಮಾತನ್ನೂ ಸೇರಿಸಿದರು. ಆ ಸಂಜೆ ಅಪ್ಪ ಮನೆಯವರೆಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಾತ್ರ, ಖರೇನ ಕಳಿಸೀಯೇನವಾ ಎಂದು ಕೇಳಿದ. ಹೂಂ ಎಂದೆ.

ಮರುದಿನದಿಂದ ನಾನು ತಪ್ಪು ಮಾಡತೊಡಗಿದೆ. ಒಂದು ಸಲ ತಲುಪದಿದ್ದರೆ ಎರಡನೆಯ ಸಲ ತಲುಪೀತು ಎಂದು ದಿನಕ್ಕೆರಡು ಬಾರಿ ಕಳಿಸಿದೆ. ಅಕ್ಷರ ಸಣ್ಣದಿದ್ದುದರಿಂದ ಕಣ್ಣಿಗೆ ಬೀಳದೇನೋ ಎಂದು ಎಲ್ಲವನ್ನೂ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ವಿಷಯದ ಸಾಲಿನಲ್ಲಿ ಮೂರು ಸಲ ಅರ್ಜೆಂಟ್ ಎಂದು ಬರೆದೆ. ಮೊದಲ ಮನೆ ಎಂಬತ್ತಾರಕ್ಕೆ ಏರಿತು, ಮೂರನೆಯ ಮನೆ ಸೊನ್ನೆಯಲ್ಲೇ ಉಳಿಯಿತು. ಮಳೆಯಾದ ಕರಿಮಣ್ಣಿನ ಎರಿ ಹೊಲದಲ್ಲಿ ಸಿಕ್ಕಿದ ಟ್ರ್ಯಾಕ್ಟರ್ ಹೀಗೆಯೇ. ಚಾಲಕ ಹೆದರಿ ಹೆದರಿ ಆಕ್ಸಿಲರೇಟರ್ ಒತ್ತುತ್ತಾನೆ, ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಭಾನುವಾರ ಅತ್ತೆಯನ್ನು ನೋಡುವ ನೆಪ ಹೇಳಿ ರೋಣಕ್ಕೆ ಹೋದೆ. ಅಲ್ಲಿನ ಸೈಬರ್ ಅಂಗಡಿಯಲ್ಲಿ ಕೂತು ನನ್ನ ಹೆಸರಿಗೊಂದು ಹೊಸ ವಿಳಾಸ ತೆರೆದೆ. ಸೋಮವಾರದಿಂದ ಅಂಗಡಿಯ ಪಟ್ಟಿಯ ಕೊನೆಗೆ ಅದನ್ನೂ ಸೇರಿಸಿದೆ. ನಲವತ್ತನಾಲ್ಕನೆಯ ಪಾರ್ಟಿ ನಾನೇ. ಆರು ದಿನ ಕಳಿಸಿ ಮುಂದಿನ ಭಾನುವಾರ ಮತ್ತೆ ರೋಣದ ಬಸ್ಸು ಹತ್ತಿದೆ.

ಬಂದ ಕಾಗದಗಳ ಪೆಟ್ಟಿಗೆ ಖಾಲಿ. ಎಡಗಡೆಯ ಪಟ್ಟಿಯಲ್ಲಿ ಅದರ ಕೆಳಗೆ ಸ್ಪ್ಯಾಮ್ ಎಂಬ ಇನ್ನೊಂದು ಪೆಟ್ಟಿಗೆಯಿತ್ತು. ಬೇಡದ ಮೇಲ್‌ಗಳನ್ನು ಕಂಪ್ಯೂಟರ್ ತಾನೇ ಗುರುತಿಸಿ ಎಸೆಯುವ ಜಾಗವದು. ಯಾರೂ ತೆರೆದು ನೋಡುವುದಿಲ್ಲ, ಕೆಲವು ದಿನ ಕಳೆದರೆ ತಾನೇ ಅಳಿಸಿಹೋಗುತ್ತದೆ. ತೆರೆದೆ. ನನಗೆ ಬಂದಿಲ್ಲದ ಲಾಟರಿ ಬಂದಿದೆ ಎನ್ನುವವರು, ಹೆಸರೂ ಹೇಳಬಾರದ ಗುಳಿಗೆ ಮಾರುವವರು, ಗಂಡ ಸತ್ತ ಮೇಲೆ ಆಸ್ತಿಯನ್ನು ನನಗೇ ಬರೆಯಲು ಕಾದಿರುವ ಯಾವುದೋ ದೇಶದ ವಿಧವೆ. ಅವರ ನಡುವೆ ನನ್ನ ಆರು ದಿನದ ಮೇಲ್‌ಗಳೂ ಇದ್ದವು. ನರಗುಂದದ ಹೆಸರಿನ ಧಾರಣಿ. ಸೋಮವಾರದ್ದು, ಮಂಗಳವಾರದ್ದು, ಒಂದೂ ಬಿಟ್ಟಿರಲಿಲ್ಲ. ನನಗೆ ಮೊದಲು ಅನಿಸಿದ್ದು ಸಂತೋಷ. ನಾನು ಸುಳ್ಳು ಹೇಳಿಲ್ಲ. ಆಮೇಲೆ ನೋಡಿದೆ. ತೆರೆದ ಮೇಲೂ ಅದು ಶ್ರೀ ಆಗಿರಲಿಲ್ಲ. ಆ ಮೂರು ಗುರುತುಗಳು ಹಾಗೆಯೇ, ತೇಲುವ ಎರಡು, ಅಂಟಿದ ಜೋಡಿ, ಅಲೆ ಹೊತ್ತ ಎ, ನನ್ನತ್ತ ನೋಡುತ್ತಿದ್ದವು.

ಆ ವಾರ ಧಾರಣಿಯ ಜೊತೆಗೆ ದಿನಕ್ಕೆರಡರಂತೆ ಹನ್ನೆರಡು ಬಗೆಯ ಮೇಲ್‌ಗಳನ್ನು ನನಗೆ ನಾನೇ ಕಳಿಸಿಕೊಂಡೆ. ಏಳು ಶ್ರೀ ಗುರುತಿನವು, ಐದು ಇಲ್ಲದವು. ಒಂದಿಷ್ಟು ದೊಡ್ಡಕ್ಷರ, ಒಂದಿಷ್ಟು ಸಣ್ಣಕ್ಷರ. ಭಾನುವಾರ ಎಣಿಸಿದಾಗ ನಾಲ್ಕು ಒಳ್ಳೆಯ ಪೆಟ್ಟಿಗೆಗೆ ಬಂದಿದ್ದವು, ಎಂಟು ಸ್ಪ್ಯಾಮಿಗೆ ಬಿದ್ದಿದ್ದವು. ಬಂದ ನಾಲ್ಕಕ್ಕೂ ಶ್ರೀ ಇರಲಿಲ್ಲ. ಶ್ರೀ ಇದ್ದ ಏಳೂ ಬಿದ್ದಿದ್ದವು. ಎಂಟನೆಯದು ಮಾತ್ರ ಶ್ರೀ ಇಲ್ಲದೆಯೂ ಬಿದ್ದಿತ್ತು. ಅದು ಪೂರಾ ದೊಡ್ಡಕ್ಷರದ್ದು, ಮೂರು ಅರ್ಜೆಂಟಿನದ್ದು.

ಗುರುವಾರ ಭಾಯಿ ಬಂದಾಗ ಡೈರಿಯ ಪುಟ ಮುಂದಿಟ್ಟೆ. ಅವನು ಓದಿ ಕಿವಿಯ ಹಿಂದೆ ಕೆರೆದುಕೊಂಡ. ಆ ಅಕ್ಷರಗಳು ಈ ಡಬ್ಬಿಯೊಳಗೇ ಇವೆ, ಮೇಲ್ ಜೊತೆ ಹೋಗುವುದಿಲ್ಲ, ಹೋಗುವುದು ಗುರುತು ಮಾತ್ರ ಎಂದು ಒಪ್ಪಿಕೊಂಡ. ಗುಳಿಗೆ ಮಾರುವ ಕಳ್ಳರು ಪದಗಳನ್ನು ಮರೆಮಾಚಲು ಇಂಥವೇ ಗುರುತುಗಳನ್ನು ಸೇರಿಸುತ್ತಾರಂತೆ. ಕಾವಲು ಕೂತ ಕಂಪ್ಯೂಟರ್ ನಮ್ಮನ್ನೂ ಅವರ ಪೈಕಿ ಎಂದು ತಿಳಿದಿದೆ. ದಿನವೂ ಅದೇ ಗುರುತು ಕಂಡು ಅದರ ಅನುಮಾನ ಬೆಳೆದಿದೆ, ನಾನು ಹೆಚ್ಚು ಕಳಿಸಿದಷ್ಟೂ ಇನ್ನೂ ಹೆಚ್ಚಾಗಿದೆ.

“ಅಕ್ಕಾ, ನೀವು ಶ್ರೀ ಅಂತ ಬರದೀರಿ. ಅದು ಬುರ್ಖಾ ಹಾಕ್ಕೊಂಡ ಗಂಡಸು ಬಂದಾನ ಅಂತ ತಿಳ್ಕೊಂಡೈತಿ.”

ನಗು ಬಂತು. ಆಮೇಲೆ, ನಗುತ್ತಿರುವಾಗಲೇ, ಇದನ್ನು ಸಾಹುಕಾರರಿಗೆ ಹೇಳಬೇಕಾದವಳು ನಾನು ಎಂಬುದು ನೆನಪಾಯಿತು.

ಹೇಳಲು ಹೋದೆ. ವಿಷಯದ ಸಾಲಿನಿಂದ ಶ್ರೀ ತೆಗೆಯಬಹುದೇ ಎಂದು ಕೇಳಿದೆ. ಅವರು ಚೀಟಿ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ.

“ಶ್ರೀ ಇಲ್ಲದ ಕಾಗದ ಈ ಅಂಗಡಿಯಿಂದ ಒಂದ ಸಲ ಹೋಗೇತಿ. ನಮ್ಮಪ್ಪ ತೀರ್ಕೊಂಡಾಗ.”

ಅಲ್ಲಿಗೆ ಮಾತು ಮುಗಿಯಿತು. ಶ್ರೀ ಎಂದೂ ಹೋಗಿಯೇ ಇಲ್ಲ, ಹೋದದ್ದು ಮೂರು ಮುರಿದ ಗುರುತು ಎಂದು ನಾನು ಹೇಳಬೇಕಿತ್ತು. ಹೇಳಿದ್ದರೆ, ಇಷ್ಟು ತಿಂಗಳು ಏನು ಕಳಿಸುತ್ತಿದ್ದೇನೆಂಬುದೇ ನನಗೆ ಗೊತ್ತಿರಲಿಲ್ಲ ಎಂದೂ ಹೇಳಬೇಕಾಗುತ್ತಿತ್ತು. ಶ್ರೀ ಇದ್ದರೆ ಮೇಲ್ ಮುಟ್ಟುವುದಿಲ್ಲ, ನಾನು ಸುಳ್ಳುಗಾತಿ. ಶ್ರೀ ತೆಗೆದರೆ ಮುಟ್ಟುತ್ತದೆ, ಆಗಲೂ ಸುಳ್ಳುಗಾತಿ. ಕೋಣೆಗೆ ಹಿಂದಿರುಗಿದೆ. ನಾನು ಹೊರಗಿದ್ದಾಗ ಯಾರೋ ಸಂದಿಯಲ್ಲಿ ಹೊಸ ಚೀಲ ಇಟ್ಟಿದ್ದರು. ಅದನ್ನು ದಾಟಿ ಒಳಗೆ ಹೋದ ಮೇಲೆ ಮತ್ತೊಂದು ಸಾಲು ಬಿತ್ತು. ಅವತ್ತು ನಾನು ಯಾರನ್ನೂ ಕೂಗಲಿಲ್ಲ.

ಮರುದಿನ ಶುಕ್ರವಾರ ಶ್ರೀ ತೆಗೆದೆ. ಸಣ್ಣಕ್ಷರದಲ್ಲಿ, ಅರ್ಜೆಂಟ್ ಇಲ್ಲದೆ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಳಿಸಿದೆ. ಸಾಹುಕಾರರ ತಂತಿಗೆ ಚುಚ್ಚಲು ಶ್ರೀ ಇದ್ದ ಪ್ರಿಂಟ್ ಬೇರೆ ತೆಗೆದೆ. ಹೋದದ್ದರ ಪ್ರಿಂಟನ್ನು ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ. ಒಂದೇ ಧಾರಣಿಗೆ ಎರಡು ಕಾಗದ. ಡೈರಿಯಲ್ಲಿ ನಾಲ್ಕನೆಯ ಮನೆ ಗೆರೆ ಎಳೆದು ಮೇಲೆ ಶ್ರೀ ಎಂದು ಬರೆದು ಕೆಳಗೆ ಒಂದು ಕತ್ತರಿ ಗುರುತು ಹಾಕಿದೆ.

ಉತ್ತರ ಎರಡು ಬಂದವು. ಶನಿವಾರ ಆರು. ಕಾವಲಿನ ಅನುಮಾನ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಉಳಿದವರಿಗೆ ಅಂಗಡಿಯ ಫೋನಿನಿಂದ ಒಬ್ಬೊಬ್ಬರಿಗೇ ಹೇಳಿಕೊಟ್ಟೆ. ಸ್ಪ್ಯಾಮ್ ಪೆಟ್ಟಿಗೆ ತೆಗೀರಿ, ನಮ್ಮ ಹೆಸರಿನ ಮುಂದೆ ಒತ್ತಿ, ಇದು ಸ್ಪ್ಯಾಮ್ ಅಲ್ಲ ಎಂಬುದನ್ನು ಒತ್ತಿ, ನಮಗೊಂದು ಸಾಲು ಉತ್ತರ ಬರೀರಿ. ಒಮ್ಮೆ ಅವರೇ ಬರೆದರೆ ಕಾವಲು ನಮ್ಮನ್ನು ಪರಿಚಿತರೆಂದು ಒಳಗೆ ಬಿಡುತ್ತದೆ. ಸೊಲ್ಲಾಪುರದ ಹಿರಿಯರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಫೋನಿನಲ್ಲಿ ಅವರ ನಗು ಕೇಳಿತು.

“ಇಲ್ಲೇ ಅದೀರಲ್ಲವಾ ಎಲ್ಲಾರೂ. ಲಾಟರಿ ಮಂದಿ ಪಂಕ್ತ್ಯಾಗ ಊಟಕ್ಕ ಕುಂತೀರಿ.”

ಹತ್ತನೆಯ ದಿನದ ಹೊತ್ತಿಗೆ ಮೂರನೆಯ ಮನೆಯಲ್ಲಿ ಹತ್ತೊಂಬತ್ತು ಎಂದು ಬರೆದೆ. ಮೊದಲಿಗಿಂತ ಹೆಚ್ಚು. ಸಾಹುಕಾರರು ಹಮಾಲರ ಎದುರಿಗೇ, ನಿನ್ನ ಮಗಳದೇನೂ ತಪ್ಪಿದ್ದಿಲ್ಲ ಬಿಡು, ಆ ಮಷಿನ್ನಿನ ತಪ್ಪು ಎಂದು ಅಪ್ಪನಿಗೆ ಹೇಳಿದರು. ಅಪ್ಪ ಅವತ್ತು ಮನೆಗೆ ಹೋಗುವಾಗ ನನ್ನ ಪಕ್ಕದಲ್ಲಿ ನಡೆದ. ದಾರಿಯಲ್ಲಿ ಸಿಕ್ಕವರಿಗೆ ಆ ಹಳೆಯ ಮಾತನ್ನೇ, ಬರದದ್ದು ಬರದ್ಹಂಗ ಇರ್ತೈತಿ ಎಂದು ಎರಡು ಸಲ ಹೇಳಿದ. ನಾನು ನಿಜ ಹೇಳುತ್ತಿದ್ದ ದಿನಗಳಲ್ಲಿ ಯಾರೂ ನಂಬಲಿಲ್ಲ. ಈಗ ಎರಡು ಕಾಗದ ಇಟ್ಟುಕೊಂಡಿದ್ದೆ, ಊರೆಲ್ಲ ನಂಬುತ್ತಿತ್ತು. ನಾಲ್ಕನೆಯ ಮನೆಯ ಕತ್ತರಿ ಗುರುತುಗಳು ದಿನಕ್ಕೊಂದರಂತೆ ಕೆಳಗಿಳಿಯುತ್ತ ಪುಟ ದಾಟಿದವು. ಡೈರಿಯನ್ನು ಮನೆಯಲ್ಲಿ ಹಾಸಿಗೆಯ ಸುರುಳಿಯೊಳಗೆ ಇಡತೊಡಗಿದೆ. ಅಪ್ಪ ಅಕ್ಷರ ಕೂಡಿಸಿ ಓದುತ್ತಾನೆ, ಆದರೆ ಕತ್ತರಿ ಗುರುತನ್ನು ಯಾರಾದರೂ ಓದಬಲ್ಲರು.

ದಸರೆಯ ಖಂಡೆ ಪೂಜೆಯ ದಿನ, ಎಂದರೆ ಆಯುಧ ಪೂಜೆಯಂದು, ಗಾದಿಯ ಮುಂದೆ ತಕ್ಕಡಿ, ತೂಕದ ಕಲ್ಲು, ಹಮಾಲರ ಕೊಕ್ಕೆಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಕಂಪ್ಯೂಟರನ್ನೂ ಕೋಣೆಯಿಂದ ತಂದಿಟ್ಟು ಚೆಂಡು ಹೂವಿನ ಮಾಲೆ ಹಾಕಿದ್ದರು. ಸಾಹುಕಾರರು ನನ್ನ ಕಡೆ ತಿರುಗಿ, ಈ ಸುಗ್ಗಿ ಉಳಿಸಿದ್ದು ನಿನ್ನ ಮೇಲ್, ಅದನ್ನೂ ಒಂದು ತಂದು ದೇವರ ಮುಂದೆ ಇಡು ಎಂದರು.

ನಾನು ಕೋಣೆಗೆ ಹೋಗಿ ನಿಂತೆ. ಎರಡು ಕಾಗದಗಳಲ್ಲಿ ಯಾವುದು? ಶ್ರೀ ಇದ್ದದ್ದು ಎಲ್ಲಿಗೂ ಹೋಗದ ಕಾಗದ. ಹೋದದ್ದಕ್ಕೆ ಶ್ರೀ ಇಲ್ಲ. ಹೊರಗೆ ಅಪ್ಪ ಚೀಲ ಸರಿಸಿ ದಾರಿ ಅಗಲ ಮಾಡಿದ್ದ, ಹಬ್ಬವೆಂದು. ನಾನು ಎರಡನ್ನೂ ತಂದು ಕೊಕ್ಕೆಗಳ ಪಕ್ಕ ಇಟ್ಟೆ. ಮೇಲೆ ಡೈರಿ ಇಟ್ಟೆ, ಬೆಳಿಗ್ಗೆಯೇ ಸುರುಳಿಯಿಂದ ತೆಗೆದು ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಏಕೆ ತಂದೆನೆಂದು ನನಗಾಗ ಗೊತ್ತಿರಲಿಲ್ಲ.

ಎಲ್ಲವನ್ನೂ ಹೇಳಿದೆ. ಅಪ್ಪ ನೆಲ ನೋಡುತ್ತಿದ್ದ. ಸಾಹುಕಾರರು ಬೋಳು ನೆತ್ತಿಯ ಕಾಗದವನ್ನು ಬೆರಳ ತುದಿಯಲ್ಲಿ ಎತ್ತಿದರು, ಬಿಸಿ ಇದ್ದಂತೆ.

“ಎಷ್ಟು ದಿನ?”

“ಇಪ್ಪತ್ತೊಂದ್ರಿ.”

ಆ ಮೂರು ಗುರುತು ತೋರಿಸು ಎಂದರು. ಮಾಲೆ ಸರಿಸಿ ಹಳೆಯ ಮೇಲ್‌ಗಳನ್ನು ತೆರೆದೆ. ಅವರು ಕನ್ನಡಕ ಹಾಕಿಕೊಂಡು ಪರದೆಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದರು. ಇದು ಯಾವಾಗಿನಿಂದ ಹೀಗೆ ಹೋಗಿದೆ ಎಂದು ಕೇಳಿದರು. ಕಂಪ್ಯೂಟರ್ ಬಂದ ದಿನದಿಂದ ಎಂದೆ. ಅವರು ಬೆರಳು ಮಡಚಿ ತಿಂಗಳು ಎಣಿಸಿದರು. ಒಂಬತ್ತು.

“ಒಂಬತ್ತ ತಿಂಗಳಾತು ನಾವು ಬೋಳು ಕಾಗದ ಕಳಿಸಾಕತ್ತು,” ಎಂದರು, ನಮಗಲ್ಲ, ಪರದೆಗೆ. ಆಮೇಲೆ ಗಾದಿಯ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು, ಲೆಕ್ಕ ಹಾಕುವವರಂತೆ. “ಎಲ್ಲಾರೂ ಜೀವಂತ ಇದ್ದೀವಿ.”

ಯಾರೋ ಹಮಾಲ ಕೆಮ್ಮಿನಲ್ಲಿ ನಗು ಅಡಗಿಸಿದ. ಅಪ್ಪ ನಗಲಿಲ್ಲ. ಡೈರಿಯ ಕಡೆ ಕೈ ತೋರಿಸಿದ.

“ಬರದದ್ದು ಬರದ್ಹಂಗ ಇಟ್ಟಾಳಲ್ರಿ.”

ಸಾಹುಕಾರರು ಡೈರಿಗೆ ಕುಂಕುಮ ಹಚ್ಚಿದರು. ಬೋಳು ಕಾಗದವನ್ನು ಪೂಜೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಕೆಲಸ ಉಳಿಯಿತು. ಆದರೆ ಹಬ್ಬ ಮುಗಿದ ಮೊದಲ ದಿನ, ಲಿಲಾವಿನ ನಂತರ ನಾನು ಟೈಪು ಮುಗಿಸಿ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಬೆನ್ನ ಹಿಂದೆ ಚೀಲಗಳ ಸಂದಿಯಲ್ಲಿ ಸದ್ದಾಯಿತು. ಸಾಹುಕಾರರ ಮೈ ದೊಡ್ಡದು, ಅಡ್ಡಡ್ಡ ಸರಿದು ಬರಲು ಹೊತ್ತು ಹಿಡಿಯಿತು. ಕುರ್ಚಿಯ ಹಿಂದೆ ನಿಂತರು.

“ಅದರಾಗ ಶ್ರೀ ಬರೀಬ್ಯಾಡ. ನಾ ಅಂತೀನಿ, ನೀ ಒತ್ತು.”

ಶ್ರೀ ಎಂದರು. ಒತ್ತಿದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸಬೇಕಿದ್ದರಿಂದ ಅವತ್ತು ನಲವತ್ತಮೂರು ಸಲ ಅಂದರು, ಒಂದನ್ನೂ ಬಿಡದೆ.

ಮರುದಿನವೂ ಬಂದರು. ಆಮೇಲೆ ದಿನವೂ. ನನ್ನ ಕೋಣೆಯಲ್ಲಿ ನಾನು ಒಬ್ಬಳೇ ಇರುತ್ತಿದ್ದ ಆ ಅರ್ಧ ಗಂಟೆ ಹೋಯಿತು. ಅವರ ಉಸಿರು, ಎಲೆಯಡಿಕೆಯ ವಾಸನೆ, ಬಾಗಿಲು ಪೂರ್ತಿ ಮುಚ್ಚಿದ ಮೈ. ಸಾಕು ಎಂದು ಹೇಳುವ ಹಕ್ಕನ್ನು ಆ ಇಪ್ಪತ್ತೊಂದು ಕತ್ತರಿ ಗುರುತುಗಳಲ್ಲಿ ನಾನೇ ಕಳೆದುಕೊಂಡಿದ್ದೆ. ಅವರು ನನ್ನನ್ನು ಕಾಯುತ್ತಿದ್ದರೋ ಮೇಲನ್ನೋ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಡೈರಿಯ ನಾಲ್ಕನೆಯ ಮನೆಯಲ್ಲಿ ಕತ್ತರಿ ಗುರುತಿನ ಬದಲು ಸರಿ ಗುರುತು ಬರತೊಡಗಿತು, ಅಷ್ಟೇ.

ಮುಂದಿನ ಕಡಲೆ ಸುಗ್ಗಿಯಲ್ಲಿ ಒಂದು ಬುಧವಾರ ಸಾಹುಕಾರರು ಗಜೇಂದ್ರಗಡಕ್ಕೆ ಮದುವೆಗೆ ಹೋಗಿದ್ದರು. ಟೈಪು ಮುಗಿಯಿತು. ಹಿಂದೆ ಯಾರೂ ಇರಲಿಲ್ಲ, ಬಾಗಿಲಿನಿಂದ ಗೋದಾಮಿನ ಬೆಳಕು ಮೇಜಿನವರೆಗೆ ಬಿದ್ದಿತ್ತು. ಬೆರಳು ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ಚೀಲಗಳ ಆಚೆ ಅಪ್ಪ ಯಾರಿಗೋ ಲೆಕ್ಕ ಹೇಳುತ್ತಿದ್ದ ದನಿ ಕೇಳುತ್ತಿತ್ತು. ಅವನಿಗೆ ಕೇಳದಂತೆ, ತುಟಿಯೊಳಗೇ, ನಾನೇ ಶ್ರೀ ಅಂದು ಒತ್ತಿದೆ. ನಲವತ್ತಮೂರು ಸಲ.